371 ಜೆಗೂ ಮೊದಲು ಮುಲ್ಕಿ ಇತ್ತು: ಅಂದು ಕೊಪ್ಪಳದ ಮನುಷ್ಯ ಯಾವ ದೇಶದ ಪ್ರಜೆ?

ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ನೌಕರಿಗೆ ಅರ್ಜಿ ಹಾಕುವವರಿಗೆ 371 ಜೆ ಸರ್ಟಿಫಿಕೇಟ್ ಗೊತ್ತಿರುತ್ತೆ. ‘ನೀನು ಈ ಊರಿನವನಾ?’ ಎಂದು ಸರ್ಕಾರ ಕೇಳುವುದು ಇಲ್ಲಿ ಹೊಸದಲ್ಲ. ನಿಜಾಮರ ಕಾಲದಲ್ಲಿ ಅದಕ್ಕೆ ‘ಮುಲ್ಕಿ’ ಅಂತಿದ್ದರು.

1919ರ ಮುಲ್ಕಿ ನಿಯಮದ ಪ್ರಕಾರ ಹೈದರಾಬಾದ್ ಸಂಸ್ಥಾನದ ನೌಕರಿಗೆ ಮುಲ್ಕಿ ಆಗಿರಬೇಕಿತ್ತು. ಹುಟ್ಟಿನಿಂದ ಸಂಸ್ಥಾನದ ಪ್ರಜೆ ಆಗಿರಬೇಕು. ಇಲ್ಲದಿದ್ದರೆ ಕನಿಷ್ಠ 15 ವರ್ಷ ಅಲ್ಲೇ ನೆಲೆಸಿ, ಹಳೇ ಊರಿಗೆ ಮರಳುವ ಯೋಚನೆ ಬಿಟ್ಟಿದ್ದೇನೆ ಅಂತ ಪ್ರಮಾಣಪತ್ರ ಕೊಡಬೇಕು. ಇವು ಮುಖ್ಯ ದಾರಿಗಳು.

ಆದರೆ ಮುಲ್ಕಿ ಅಂದರೆ ಪೌರತ್ವ ಅಲ್ಲ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಗಂಗಾವತಿ, ಕುಷ್ಟಗಿ ಕೂಡ ನಿಜಾಮರ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಅಂದರೆ ಕೊಪ್ಪಳದ ರೈತನ ಮೇಲೆ ಜಾಗೀರುದಾರ, ಅವನ ಮೇಲೆ ನಿಜಾಮ, ಅವನ ಮೇಲೆ ಬ್ರಿಟಿಷರು. ತುಂಗಭದ್ರೆ ದಾಟಿದರೆ ಸಿಗುವ ಹೊಸಪೇಟೆಯವನು ಬ್ರಿಟಿಷ್ ಪ್ರಜೆ. ಇವನು ಬ್ರಿಟಿಷರ ‘ರಕ್ಷಿತ ವ್ಯಕ್ತಿ’ ಮಾತ್ರ. 1937ರ ಹೊತ್ತಿಗೆ ಆಸ್ತಿ, ತೆರಿಗೆಯಂಥ ಅರ್ಹತೆ ಇದ್ದ ಹೊಸಪೇಟೆಯವನು ಮದ್ರಾಸ್ ವಿಧಾನಸಭೆಗೆ ಓಟು ಹಾಕಬಹುದಿತ್ತು. ಈ ದಡದಲ್ಲಿ ಅಂಥ ಸರ್ಕಾರವೇ ಇರಲಿಲ್ಲ.

ಇವರಿಬ್ಬರನ್ನೂ ಒಂದೇ ಸೂರಿನಡಿ ತರಬೇಕಿದ್ದದ್ದು 1935ರ ಕಾಯ್ದೆಯ ಒಕ್ಕೂಟ. ಕೆಳಮನೆಯ 375 ಸೀಟುಗಳಲ್ಲಿ 125 ಸಂಸ್ಥಾನಗಳಿಗೆ. ಅವನ್ನು ತುಂಬುವವರು ಜನ ಅಲ್ಲ, ರಾಜರು. ಇನ್ನು ಒಕ್ಕೂಟ ಶುರುವಾಗಲು ಎರಡು ಷರತ್ತು: ಸಂಸ್ಥಾನಗಳ ಒಟ್ಟು ಜನಸಂಖ್ಯೆಯಲ್ಲಿ ಅರ್ಧದಷ್ಟಾದರೂ ಇರುವ ರಾಜರು ಒಪ್ಪಬೇಕು, ಮೇಲ್ಮನೆಯ 104 ಸಂಸ್ಥಾನ ಸೀಟುಗಳಲ್ಲಿ 52 ಅವರ ಪಾಲಿನವಾಗಿರಬೇಕು. ಎಂಜಿನಿಯರಿಂಗ್ ಓದಿದ ನನಗೆ ಇದು ಎರಡೂ ಸ್ವಿಚ್ ಒತ್ತಿದರೆ ಮಾತ್ರ ಹತ್ತುವ ದೀಪದ ಹಾಗೆ ಕಾಣುತ್ತೆ. ಸ್ವಿಚ್ಚೆಲ್ಲಾ ಅರಮನೆಯೊಳಗೆ. ರಾಜರು ಚೌಕಾಸಿ ಮಾಡುತ್ತಲೇ ಹೋದರು. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದಾಗ ವೈಸ್‌ರಾಯ್ ಲಿನ್‌ಲಿತ್ಗೊ ಯೋಜನೆಯನ್ನೇ ಬದಿಗಿಟ್ಟರು.

ಒಂದು ವೇಳೆ ದೀಪ ಹತ್ತಿದ್ದರೂ ಕೊಪ್ಪಳದವನು ಒಕ್ಕೂಟದ ಪೌರ ಆಗುತ್ತಿರಲಿಲ್ಲ. ಆ ಕಾಯ್ದೆ ಭೂಭಾಗಗಳನ್ನು ಜೋಡಿಸಲು ಹೊರಟಿತ್ತೇ ಹೊರತು ಎಲ್ಲರಿಗೂ ಒಂದೇ ಪೌರತ್ವ ಕೊಡಲಿಲ್ಲ. ಅದು ಸಿಕ್ಕಿದ್ದು 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿದು, ಸಂವಿಧಾನ ಬಂದ ಮೇಲೆ. ಅದಕ್ಕಾಗಿ ಅಳವಂಡಿ ಶಿವಮೂರ್ತಿ ಸ್ವಾಮಿಯವರಂಥವರು ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಹೂಡಿ ಹೋರಾಡಬೇಕಾಯಿತು.

ಹಾಗಾದರೆ 371 ಜೆ ಹೊಸ ಮುಲ್ಕಿಯಾ? ಅಲ್ಲ. ಮುಲ್ಕಿ ಅರಸನ ಫರ್ಮಾನಿನಿಂದ ಬಂತು. 371 ಜೆ ಈ ಭಾಗದ ಜನರ ಹೋರಾಟದಿಂದ, 2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ ಬಂತು. ಅದು ಹುಟ್ಟನ್ನಷ್ಟೇ ಅಲ್ಲ, ವಾಸವನ್ನೂ ಒಪ್ಪುತ್ತೆ. ಡ್ಯಾಂ ಆದಮೇಲೆ ಆಂಧ್ರದಿಂದ ಬಂದು ಗಂಗಾವತಿಯ ಕ್ಯಾಂಪುಗಳಲ್ಲಿ ಬೇರುಬಿಟ್ಟ ಕುಟುಂಬಗಳ ಮಕ್ಕಳಿಗೆ ಇದು ಸಣ್ಣ ಮಾತಲ್ಲ.

‘ಹೊರಗಿನವರು’ ಅಂತ ಬೆರಳು ತೋರಿಸುವ ಮೊದಲು ಇದನ್ನು ನೆನಪಿಡೋಣ. ಸರ್ಟಿಫಿಕೇಟು ಎರಡೂ ಕಾಲದಲ್ಲಿತ್ತು. ‘ಹುದ್ದೆ ಯಾಕೆ ತುಂಬಿಲ್ಲ?’ ಅಂತ ಸರ್ಕಾರವನ್ನು ಕೇಳಿ, ಉತ್ತರ ಬರದಿದ್ದರೆ ಓಟಿನಲ್ಲಿ ಇಳಿಸುವ ಹಕ್ಕು ಮಾತ್ರ ಮುಲ್ಕಿಗೆ ಇರಲಿಲ್ಲ.