ಕಿವಿ ಮೊದಲು, ನಾಲಿಗೆ ಅನಂತರ

ಕೊತ್ತತ್ತಿಯಲ್ಲಿ ಕುಟುಂಬವೊಂದರ ಭೇಟಿಗೆ ತೆರಳಿದ್ದಾಗ ನಡೆದ ಪ್ರಸಂಗವಿದು. ಎರಡನೆಯ ತರಗತಿಯ ಬಾಲಕಿಯೊಬ್ಬಳು ತನ್ನ ಇಂಗ್ಲಿಷ್ ಪುಸ್ತಕವನ್ನು ತಂದು, 'ಸಿ, ಎ, ಟಿ, ಕ್ಯಾಟ್' ಎಂದು ಪುಟದ ನಂತರ ಪುಟವನ್ನು ನಮ್ಮ ಮುಂದೆ ಸರಾಗವಾಗಿ ಒಪ್ಪಿಸಿದಳು. ಹೆತ್ತವರ ಮುಖ ಅರಳಿತು. ನಾವು ಆ ಮೂರು ಅಕ್ಷರಗಳಲ್ಲಿ ಕೊನೆಯದನ್ನಷ್ಟೇ ಬದಲಿಸಿ, 'ಕ್ಯಾಪ್' ಎಂಬ ಪದವನ್ನು ಕಾಗದದ ಮೇಲೆ ಬರೆದುಕೊಟ್ಟೆವು. ಮಗು ಚಿತ್ರಕ್ಕಾಗಿ ಹುಡುಕಿತು. ಚಿತ್ರವಿರಲಿಲ್ಲ. ತಲೆ ತಗ್ಗಿಸಿ ನಿಂತಿತು. "ಕಬ್ಬಿನ ದುಡ್ಡೆಲ್ಲಾ ಫೀಸಿಗೇ ಹೋಯ್ತಲ್ಲಾ ಸ್ವಾಮಿ" ಎಂದು ತಂದೆ ನೊಂದುಕೊಂಡರು.

ತಪ್ಪು ಮಗುವಿನದಲ್ಲ. ಆಕೆಗೆ ಕಲಿಸಿದ್ದು ಕಂಠಪಾಠವೇ ಹೊರತು ಓದಲ್ಲ.

ಕನ್ನಡದ ಓದಿನಲ್ಲಿ ಈ ಸಂಕಟವಿಲ್ಲ. ನಮ್ಮ ಅಕ್ಷರದ ಹೆಸರೇ ಅದರ ಉಚ್ಚಾರವೂ ಹೌದು. 'ರ', 'ಸ' ಎರಡನ್ನು ಬಲ್ಲ ಮಗು 'ರಸ'ವನ್ನೂ 'ಸರ'ವನ್ನೂ ತಾನಾಗಿಯೇ ಓದೀತು. ಇಂಗ್ಲಿಷಿನಲ್ಲಾದರೋ ಅಕ್ಷರಕ್ಕೆ ಹೆಸರೊಂದು, ಧ್ವನಿಯೊಂದು. 'ಸಿ', 'ಎ', 'ಟಿ' ಎಂಬ ಹೆಸರುಗಳನ್ನು ಎಷ್ಟು ಸಲ ಕೂಡಿಸಿದರೂ 'ಕ್ಯಾಟ್' ಹುಟ್ಟದು. ಮೇಲಾಗಿ ಅಲ್ಲಿ 26 ಅಕ್ಷರಗಳು ಸುಮಾರು 44 ಧ್ವನಿಗಳ ಭಾರವನ್ನು ಹೊರಬೇಕಾಗಿದೆ.

ಆದುದರಿಂದ ಮೊದಲು ಧ್ವನಿಗಳನ್ನು ಕಲಿಸಿ, ಅವುಗಳನ್ನು ಕೂಡಿಸಿ ಪದವನ್ನು ಓದಿಸುವ ಕ್ರಮವೊಂದುಂಟು. ಅದೇ ಸಿಂಥೆಟಿಕ್ ಫೋನಿಕ್ಸ್. ಎ, ಬಿ, ಸಿ ಎಂಬ ಸರಣಿಯನ್ನು ಬದಿಗಿಟ್ಟು ಎಸ್, ಎ, ಟಿ, ಐ, ಪಿ, ಎನ್ ಎಂಬ ಆರು ಅಕ್ಷರಗಳ ಧ್ವನಿಗಳಿಂದ ಆರಂಭಿಸುವುದು ಇಲ್ಲಿ ಸಾಮಾನ್ಯ ರೂಢಿ. ಈ ಆರರಿಂದಲೇ ಪಿನ್, ಟಿನ್, ಪ್ಯಾನ್, ಟ್ಯಾಪ್, ಸಿಟ್ ಮುಂತಾದ ಪದಗಳು ಮಗುವಿನ ವಶವಾಗುತ್ತವೆ. ಎಸ್, ಎಚ್ ಕೂಡಿದರೆ 'ಶ್' ಎಂಬಂತಹ ಜೋಡಿಗಳು ಬಳಿಕ ಬರುತ್ತವೆ. 'ವನ್', 'ಸೆಡ್' ಮುಂತಾದ ನಿಯಮ ಮೀರಿದ ಪದಗಳಿಗೆ ಪ್ರತ್ಯೇಕ ಅಭ್ಯಾಸ ಬೇಕು.

ಒಂದು ಎಚ್ಚರಿಕೆ ಅಗತ್ಯ. 'ಪಿ' ಅಕ್ಷರದ ಧ್ವನಿಯನ್ನು 'ಪ' ಎಂದು ಹೇಳಿಸಬಾರದು, 'ಪ್' ಎಂದೇ ಹೇಳಿಸಬೇಕು. ಇಲ್ಲವಾದರೆ 'ಪಿನ್' ಎಂಬುದು 'ಪಇನ' ಆದೀತು. 'ಪ್' ಮತ್ತು 'ಅ' ಸೇರಿ 'ಪ' ಆಗುತ್ತದೆಂಬ ನಮ್ಮ ಕನ್ನಡದ ಪಾಠವೇ ಇಲ್ಲಿ ಕೀಲಿಕೈ. ಕನ್ನಡವನ್ನು ಗಟ್ಟಿಯಾಗಿ ಕಲಿತ ಮಗುವಿಗೆ ಇಂಗ್ಲಿಷ್ ವೈರಿಯಲ್ಲ.

ಇಂಗ್ಲಿಷ್ ಮನೆಮಾತಾಗಿರುವ ಇಂಗ್ಲೆಂಡಿನಲ್ಲಿಯೇ 2006ರ ಜಿಮ್ ರೋಸ್ ವರದಿ ಈ ಕ್ರಮವನ್ನು ಶಿಫಾರಸು ಮಾಡಿತು. 2012ರಿಂದ ಅಲ್ಲಿ ಐದಾರು ವರ್ಷದ ಮಕ್ಕಳಿಗೆ 40 ಪದಗಳ ಪರೀಕ್ಷೆಯೊಂದಿದೆ. ಅವುಗಳಲ್ಲಿ 20 ಅರ್ಥವಿಲ್ಲದ, ಕಟ್ಟಿದ ಪದಗಳು. ಅಲ್ಲಿ ಬಾಯಿಪಾಠ ನೆರವಿಗೆ ಬಾರದು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿಯೂ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಪ್ರವೇಶಿಸಿರುವುದರಿಂದ, ಇದು ಫೀಸ್ ತೆರುವವರ ಮಕ್ಕಳ ಪ್ರಶ್ನೆ ಮಾತ್ರವಲ್ಲ.

ಆದರೂ ಧ್ವನಿಯೇ ಸರ್ವಸ್ವವಲ್ಲ. ಸಂತ ಅಗುಸ್ತೀನರು ತಮ್ಮ ಮಗ ಅದಿಯೊದಾತನೊಡನೆ ನಡೆಸಿದ ಸಂವಾದದಲ್ಲಿ, ವಸ್ತುವನ್ನು ಅರಿಯದವನಿಗೆ ಪದವು ಬರಿಯ ಸದ್ದೆಂಬ ವಿಚಾರವನ್ನು ಮಂಡಿಸುತ್ತಾರೆ. ಓದಿದ ಪದದ ಅರ್ಥವನ್ನು ಮಗುವಿಗೆ ಮಾತಿನಲ್ಲಿ, ಕಥೆಯಲ್ಲಿ, ಕನ್ನಡದಲ್ಲಿಯೇ ತಿಳಿಸಬೇಕು. ಅದೇ ಸಂತರು ಬಾಲ್ಯದಲ್ಲಿ ಲತೀನನ್ನು ದಾದಿಯರ ಮುದ್ದಿನ ನಡುವೆ ಸುಲಭವಾಗಿ ಕಲಿತರು. ಶಿಕ್ಷೆಯ ಭಯದಲ್ಲಿ ಕಲಿಸಿದ ಗ್ರೀಕನ್ನು ದ್ವೇಷಿಸಿದರು. ಅಂತಹ ಮಹಾಮೇಧಾವಿಯನ್ನೇ ಭಯವು ಭಾಷೆಯಿಂದ ದೂರಮಾಡಿತೆಂದರೆ, ಕೊತ್ತತ್ತಿಯ ಏಳು ವರ್ಷದ ಕೂಸಿನ ಪಾಡೇನು?

ಅಂದು ನಾವು ಆ ಬಾಲಕಿಯನ್ನು ಹತ್ತಿರ ಕೂರಿಸಿಕೊಂಡು ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು ಧ್ವನಿಗಳನ್ನಷ್ಟೇ ಹೇಳಿದೆವು. ಮೂರನೆಯ ಬಾರಿಗೆ ಅವು ಅವಳ ಬಾಯಲ್ಲಿ ಕೂಡಿಕೊಂಡವು. "ಕ್ಯಾಪ್!" ಎಂದವಳೇ ಗೂಟದಲ್ಲಿ ತೂಗುತ್ತಿದ್ದ ಅಣ್ಣನ ಟೋಪಿಯತ್ತ ಕೈತೋರಿ ನಕ್ಕಳು. ತಂದೆಯೂ ನಕ್ಕರು.

ಸಂತ ಮಾರ್ಕನ ಶುಭಸಂದೇಶದಲ್ಲಿ ಪ್ರಭು ಯೇಸು ಕಿವುಡನೂ ತೊದಲನೂ ಆದವನನ್ನು ಗುಂಪಿನಿಂದ ಬದಿಗೆ ಕರೆದೊಯ್ದು ಗುಣಪಡಿಸುತ್ತಾರೆ. ಮೊದಲು ತೆರೆದದ್ದು ಅವನ ಕಿವಿ, ಅನಂತರ ಸಡಿಲಗೊಂಡದ್ದು ನಾಲಿಗೆ. ಗದರಿಕೆಯ ಬದಲು ದಿನಕ್ಕೆ ಹತ್ತು ನಿಮಿಷ ಮಗುವನ್ನು ಹಾಗೆಯೇ ಬದಿಗೆ ಕರೆದು ಕೂರಿಸಿಕೊಳ್ಳುವ ತಾಳ್ಮೆಯನ್ನು ಹೆತ್ತವರಿಗೂ ಶಿಕ್ಷಕರಿಗೂ ಪ್ರಭು ಅನುಗ್ರಹಿಸಲಿ.