ನಮ್ಮ ಮನೆಯ ಮಗು, ಕಾನೂನಿನ ಕಣ್ಣಿಗೆ ವಿದೇಶಿ

ಶಾಂತಿನಗರದ ವಿದೇಶಿಯರ ನೋಂದಣಿ ಕಚೇರಿಗೆ ಕೆಂಗೇರಿಯಲ್ಲಿ ಓದುವ ಆಫ್ರಿಕಾದ ಹುಡುಗನೂ ಬರುತ್ತಾನೆ, ವಿಜಯನಗರದಲ್ಲಿ ಅಜ್ಜಿಯ ಜೊತೆ ಬೆಳೆದ ಕನ್ನಡದ ಹುಡುಗಿಯೂ ಬರುತ್ತಾಳೆ. ಇಬ್ಬರನ್ನೂ ಕಾಡುವುದು ಎರಡೇ ಸಂಗತಿ: ಕಾಗದ ಮತ್ತು ತಾರೀಖು.

ವಿದೇಶಿಯರು ಎಂದೊಡನೆ ಬೆಂಗಳೂರಿನವರ ಮನಸ್ಸಿಗೆ ಬರುವುದು ಮಹಾತ್ಮ ಗಾಂಧಿ ರಸ್ತೆ, ಇಂದಿರಾನಗರ, ವೈಟ್‌ಫೀಲ್ಡ್. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳೆಂದರೆ ಅಚ್ಚ ಕನ್ನಡದ ಬಡಾವಣೆಗಳೆಂಬ ಭಾವನೆ. ಆದರೆ ಕಾನೂನಿನ ಪ್ರಕಾರ ವಿದೇಶಿಯರಾದವರು ಈ ಭಾಗದಲ್ಲೂ ಇದ್ದಾರೆ. ಅವರಲ್ಲಿ ಮುಖ್ಯವಾಗಿ ಎರಡು ಬಗೆ. ಜ್ಞಾನಭಾರತಿ ಮತ್ತು ಕೆಂಗೇರಿ ಸುತ್ತಲಿನ ಕಾಲೇಜುಗಳಲ್ಲಿ ಓದಲು ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳು ಮೊದಲನೆಯ ಬಗೆ. ಎರಡನೆಯ ಬಗೆಯವರನ್ನು ನೋಡಿದರೆ ಯಾರಿಗೂ ವಿದೇಶಿಯರೆಂದು ತಿಳಿಯುವುದಿಲ್ಲ. ಅವರು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ರಾಗಿಮುದ್ದೆ ಉಣ್ಣುತ್ತಾರೆ, ಪಕ್ಕದ ಬೀದಿಯ ಶಾಲೆಗೆ ಹೋಗುತ್ತಾರೆ. ತಂದೆ ತಾಯಿ ಅಮೆರಿಕದಲ್ಲಿ ಕೆಲಸದಲ್ಲಿದ್ದಾಗ ಅಲ್ಲಿ ಹುಟ್ಟಿದ ಮಕ್ಕಳಿವರು. ಕೈಯಲ್ಲಿರುವುದು ಆ ದೇಶದ ಪಾಸ್‌ಪೋರ್ಟ್.

ಅಮೆರಿಕದ ನೆಲದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಆ ದೇಶದ ಪ್ರಜೆ. ಭಾರತವಾದರೋ ಎರಡು ದೇಶಗಳ ಪೌರತ್ವವನ್ನು ಒಬ್ಬರಿಗೆ ಒಪ್ಪುವುದಿಲ್ಲ. ಹಾಗಾಗಿ ಅಪ್ಪ ಅಮ್ಮ ಇಬ್ಬರೂ ಭಾರತೀಯರಾಗಿ ಉಳಿದು, ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿ ಊರಿಗೆ ಕರೆತಂದರೆ, ಒಂದೇ ಮನೆಯಲ್ಲಿ ಇಬ್ಬರು ಭಾರತೀಯರು ಮತ್ತು ಒಬ್ಬ ವಿದೇಶಿ!

ಕಮಿಷನರ್ ಕಚೇರಿಯಿಂದ ಕಂಪ್ಯೂಟರಿಗೆ

ವಿದೇಶಿಯರ ಲೆಕ್ಕ ಇಡುವ ಪದ್ಧತಿ ಬ್ರಿಟಿಷರ ಕಾಲದ್ದು. 1920ರಲ್ಲಿ ಪಾಸ್‌ಪೋರ್ಟ್ ಕಾಯ್ದೆ, ಎರಡನೆಯ ಮಹಾಯುದ್ಧ ಶುರುವಾದ 1939ರಲ್ಲಿ ವಿದೇಶಿಯರ ನೋಂದಣಿ ಕಾಯ್ದೆ, 1946ರಲ್ಲಿ ವಿದೇಶಿಯರ ಕಾಯ್ದೆ ಬಂದವು. ಇವೆಲ್ಲವನ್ನೂ ರದ್ದುಮಾಡಿ ಸಂಸತ್ತು ರೂಪಿಸಿದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ.

ಬೆಂಗಳೂರಿನಲ್ಲಿ ಹಿಂದೆ ಈ ಕೆಲಸ ಇನ್‌ಫ್ಯಾಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ನಡೆಯುತ್ತಿತ್ತು. ನಂತರ ಕೇಂದ್ರ ಗೃಹ ಸಚಿವಾಲಯದಡಿಯ ವಲಸೆ ಬ್ಯೂರೋ ಇದನ್ನು ವಹಿಸಿಕೊಂಡಿತು. ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಓ, ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದ ಐದನೆಯ ಮಹಡಿಗೆ ಬಂತು. ಕೆಂಗೇರಿಯ ವಿದ್ಯಾರ್ಥಿಗಳಿಗೆ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ತರಗತಿ ತಪ್ಪಿದಂತೆಯೇ. ಬೆಳಿಗ್ಗೆ ಮೈಸೂರು ರಸ್ತೆಯ ಬಸ್ಸು, ಮೆಜೆಸ್ಟಿಕ್‌ನಲ್ಲಿ ಇನ್ನೊಂದು ಬಸ್ಸು, ಸರದಿಯ ಸಾಲು. ಕೊನೆಗೆ ಒಂದು ಜೆರಾಕ್ಸ್ ಕಡಿಮೆಯಾಗಿ ಮತ್ತೆ ಕೆಳಗಿಳಿಯುವುದು.

2018ರ ಫೆಬ್ರುವರಿಯಲ್ಲಿ ಇದು ಬದಲಾಯಿತು. ದೆಹಲಿ, ಮುಂಬೈ, ಚೆನ್ನೈಗಳ ಜೊತೆಗೆ ಬೆಂಗಳೂರಿನಲ್ಲೂ ಇ-ಎಫ್‌ಆರ್‌ಆರ್‌ಓ ಎಂಬ ವ್ಯವಸ್ಥೆ ಮೊದಲಿಗೆ ಆರಂಭವಾಯಿತು. ನೋಂದಣಿ, ವೀಸಾ ವಿಸ್ತರಣೆ, ದೇಶ ಬಿಡುವ ಅನುಮತಿ ಮುಂತಾದ 27 ಸೇವೆಗಳಿಗೆ ಮನೆಯಿಂದಲೇ ಅರ್ಜಿ ಹಾಕಬಹುದು. ಕಾಗದಗಳನ್ನು ಸ್ಕ್ಯಾನ್ ಮಾಡಿ ಕಳಿಸಿದರೆ ಪರವಾನಗಿ ಇ-ಮೇಲ್‌ನಲ್ಲೇ ಬರುತ್ತದೆ. ಕರೆದರೆ ಮಾತ್ರ ಕಚೇರಿಗೆ ಹೋದರಾಯಿತು.

ಸಾಲು ತಪ್ಪಿತು, ಆದರೆ ಕಷ್ಟ ಪೂರ್ತಿ ತಪ್ಪಲಿಲ್ಲ. ಕೌಂಟರಿನಲ್ಲಿ ಎದುರಿಗಿದ್ದ ಅಧಿಕಾರಿಗೆ ಬಾಯಿಮಾತಿನಲ್ಲಿ ವಿವರಿಸಬಹುದಿತ್ತು. ಕಂಪ್ಯೂಟರಿಗೆ ಹಾಗೆ ವಿವರಿಸಲು ಬರುವುದಿಲ್ಲ. ಮಸುಕಾದ ಪ್ರತಿ, ಸಹಿಯಿಲ್ಲದ ಕರಾರು ಪತ್ರ, ತಪ್ಪು ಅಳತೆಯ ಫೋಟೋ ಇದ್ದರೆ ಅರ್ಜಿ ಪ್ರಶ್ನೆಯೊಂದಿಗೆ ವಾಪಸು ಬರುತ್ತದೆ.

ಹದಿನಾಲ್ಕು ದಿನಗಳ ಲೆಕ್ಕ

ಹೊರದೇಶದ ವಿದ್ಯಾರ್ಥಿಗಳ ಪಾಡನ್ನು ಮೊದಲು ನೋಡೋಣ. 180 ದಿನಗಳಿಗಿಂತ ಹೆಚ್ಚಿನ ಅವಧಿಯ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಬಂದಿಳಿದ 14 ದಿನಗಳೊಳಗೆ ನೋಂದಣಿ ಮಾಡಿಸಬೇಕೆಂಬುದು ಬಹುಕಾಲದ ನಿಯಮ. ಕೇಳಲು ಸುಲಭ. ಆದರೆ ಅದಕ್ಕೆ ಬೇಕಾದ ಮುಖ್ಯ ಕಾಗದಗಳು ಎರಡು: ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ ಮತ್ತು ವಿಳಾಸದ ದಾಖಲೆ. ಪ್ರವೇಶದ ಕೆಲಸ ಮುಗಿಯದೆ ಕಾಲೇಜು ಪತ್ರ ಕೊಡುವುದಿಲ್ಲ. ಮನೆ ಸಿಗದೆ ವಿಳಾಸ ಇರುವುದಿಲ್ಲ. ಹೊಸ ಊರಿನಲ್ಲಿ ಹದಿನಾಲ್ಕು ದಿನ ಕಳೆಯುವುದು ತಡವಾಗುವುದಿಲ್ಲ.

ಇಲ್ಲಿ ಮನೆ ಮಾಲೀಕರ ಪಾತ್ರ ದೊಡ್ಡದು. ವಿದೇಶಿಯರಿಗೆ ವಸತಿ ಕೊಟ್ಟವರು, ಅದು ಹೋಟೆಲಾಗಿರಲಿ, ಪೇಯಿಂಗ್ ಗೆಸ್ಟ್ ಆಗಿರಲಿ, ಸ್ವಂತ ಮನೆಯ ಮಹಡಿಯಾಗಿರಲಿ, 24 ಗಂಟೆಯೊಳಗೆ ಆ ವಿವರವನ್ನು ನೋಂದಣಿ ಕಚೇರಿಗೆ ತಿಳಿಸಬೇಕು. ‘ಸಿ’ ಫಾರಂ ಎಂದು ಹಳಬರಿಗೆ ಪರಿಚಿತವಾಗಿರುವುದು ಇದೇ. ಇದನ್ನೂ ಕಂಪ್ಯೂಟರಿನಲ್ಲೇ ತುಂಬಬಹುದು. ಆದರೆ ಪೊಲೀಸು, ಫಾರಂ ಎಂದೊಡನೆ ಹೆದರಿ ಬಾಡಿಗೆಗೆ ಕೊಡಲು ಹಿಂಜರಿಯುವವರೂ ಇದ್ದಾರೆ. ಬಾಡಿಗೆಗೆ ಕೊಟ್ಟು ಫಾರಂ ತುಂಬದವರೂ ಇದ್ದಾರೆ. ಎರಡರಲ್ಲೂ ಪೆಟ್ಟು ತಿನ್ನುವುದು ವಿದ್ಯಾರ್ಥಿ. ಎರಡನೆಯದರಲ್ಲಿ ಮಾಲೀಕರೂ ಕಾನೂನಿಗೆ ಸಿಕ್ಕಿಬೀಳುತ್ತಾರೆ. 2025ರ ಕಾಯ್ದೆ ವಸತಿ ಕೊಡುವವರ ಮೇಲೆ, ಶಿಕ್ಷಣ ಸಂಸ್ಥೆಗಳ ಮೇಲೆ, ಆಸ್ಪತ್ರೆಗಳ ಮೇಲೆ ಈ ಮಾಹಿತಿ ಕೊಡುವ ಹೊಣೆಯನ್ನು ಸ್ಪಷ್ಟವಾಗಿ ಹೊರಿಸಿದೆ.

ಇನ್ನೊಂದು ಲೆಕ್ಕ ಅನೇಕರನ್ನು ತಪ್ಪಿಸುತ್ತದೆ. ಭಾರತದ ವೀಸಾ ಅವಧಿ ಶುರುವಾಗುವುದು ವೀಸಾ ಕೊಟ್ಟ ದಿನದಿಂದ, ವಿಮಾನ ಇಳಿದ ದಿನದಿಂದಲ್ಲ. ಜೂನ್ 10ರಂದು ಒಂದು ವರ್ಷದ ವೀಸಾ ಪಡೆದವನು ಆಗಸ್ಟ್ 1ಕ್ಕೆ ಬೆಂಗಳೂರಿಗೆ ಬಂದನೆಂದು ಇಟ್ಟುಕೊಳ್ಳೋಣ. ಮುಂದಿನ ಜುಲೈ ಕೊನೆಯವರೆಗೆ ಕಾಲವಿದೆ ಎಂದು ಅವನು ಎಣಿಸಿದರೆ, ಜೂನ್ ಎರಡನೆಯ ವಾರದಿಂದಲೇ ಅವನು ಕಾನೂನು ಮೀರಿದ ವಾಸಿ. ಹೊಸ ಕಾಯ್ದೆಯಲ್ಲಿ ಅವಧಿ ಮೀರಿದ ವಾಸಕ್ಕೆ 3 ವರ್ಷದವರೆಗೆ ಸೆರೆ ಅಥವಾ 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಲು ಅವಕಾಶವಿದೆ.

ಹೆಸರಿನಲ್ಲೇ ನಾಗರಿಕ

ಈಗ ನಮ್ಮ ಮನೆಗಳ ಮಕ್ಕಳ ವಿಷಯಕ್ಕೆ ಬರೋಣ. ಇಂಥವರಿಗಾಗಿ ಸರ್ಕಾರ 2005ರ ಡಿಸೆಂಬರಿನಲ್ಲಿ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್, ಅಂದರೆ ಓಸಿಐ ಕಾರ್ಡ್ ಆರಂಭಿಸಿತು. ಹೆಸರಿನಲ್ಲಿ ‘ನಾಗರಿಕ’ ಎಂದಿದ್ದರೂ ಇದು ಪೌರತ್ವವಲ್ಲ. ಜೀವನಪರ್ಯಂತದ ವೀಸಾ ಎನ್ನಬಹುದು. ಕಾರ್ಡುದಾರರು ಎಷ್ಟು ವರ್ಷ ಇಲ್ಲಿದ್ದರೂ ನೋಂದಣಿ ಬೇಕಿಲ್ಲ. ಆದರೆ ಮತದಾನವಿಲ್ಲ, ಸರ್ಕಾರಿ ನೌಕರಿಯಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ತಾತನ ಅಡಿಕೆ ತೋಟ ಪಿತ್ರಾರ್ಜಿತವಾಗಿ ಬಂದರೆ ಸರಿ. ಪಕ್ಕದ ತೋಟವನ್ನು ಹಣ ಕೊಟ್ಟು ಕೊಳ್ಳಲು ಬರುವುದಿಲ್ಲ.

ಊರಿಗೆ ಮರಳಿದ ಮೇಲೆ ಕಾರ್ಡ್ ಮಾಡಿಸುವವರು ಹೋಗುವುದು ಇದೇ ಶಾಂತಿನಗರದ ಕಚೇರಿಗೆ. ಶುಲ್ಕ 15,000 ರೂಪಾಯಿ. ಆದರೆ ಹಣಕ್ಕಿಂತ ಕಷ್ಟವಾಗುವುದು ಹೆಸರು. ಕನ್ನಡಿಗರ ಹೆಸರಿನಲ್ಲಿ ಊರಿನ ಅಕ್ಷರ, ತಂದೆಯ ಅಕ್ಷರ ಮುಂದೆ ಇರುತ್ತವೆ. ಮನೆತನದ ಹೆಸರು ಎಷ್ಟೋ ಮಂದಿಗೆ ಇಲ್ಲ. ಎಚ್.ಆರ್. ಶ್ರೀನಿವಾಸ ಎಂಬ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಾಗೆಯೇ ಇದ್ದು, ಪಾಸ್‌ಪೋರ್ಟಿನಲ್ಲಿ ಹಾಸನ ರಂಗಸ್ವಾಮಿ ಶ್ರೀನಿವಾಸ ಎಂದಾಗಿ, ಮಗುವಿನ ಅಮೆರಿಕದ ಜನನ ಪತ್ರದಲ್ಲಿ ಶ್ರೀನಿವಾಸ ಹಾಸನ ಎಂದು ತಿರುವುಮುರುವಾಗಿರಬಹುದು. ಒಂದೇ ಹೆಸರಿರುವವರಿಗೆ ಅಮೆರಿಕದ ವೀಸಾದಲ್ಲಿ ‘ಮೊದಲ ಹೆಸರು ತಿಳಿದಿಲ್ಲ’ ಎಂಬರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಸೇರಿಕೊಳ್ಳುವುದೂ ಉಂಟು! ಮನೆಯವರಿಗೆ ಇವೆಲ್ಲ ಒಬ್ಬರೇ. ಕಾಗದ ನೋಡುವ ಅಧಿಕಾರಿಗೆ ಮೂವರು.

ತಾರೀಖು ಬರೆಯುವ ಕ್ರಮವೂ ಬೇರೆ. ಅಮೆರಿಕದಲ್ಲಿ 03/07 ಎಂದರೆ ಮಾರ್ಚ್ 7. ನಮ್ಮಲ್ಲಿ ಜುಲೈ 3. ಶಾಲೆಗೆ ಸೇರಿಸುವಾಗ ಜನನ ಪತ್ರ ನೋಡಿ ಯಾರೋ ಅವಸರದಲ್ಲಿ ಬರೆದ ತಾರೀಖು ಹತ್ತನೆಯ ತರಗತಿಯ ಅಂಕಪಟ್ಟಿಗೂ ಬಂದು ಕೂತರೆ ತಿದ್ದಿಸುವುದು ದೊಡ್ಡ ಪ್ರಯಾಸ. ಕಲ್ಯಾಣ ಮಂಟಪದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದ ದಂಪತಿಗಳು ಇದೇ ಕಾರಣಕ್ಕೆ ಎಷ್ಟೋ ವರ್ಷಗಳ ನಂತರ ಉಪನೋಂದಣಾಧಿಕಾರಿಗಳ ಕಚೇರಿಗೆ ಓಡಾಡುತ್ತಾರೆ.

ಕಾರ್ಡ್ ಬಂದ ಮೇಲೂ ಕೆಲಸ ಮುಗಿಯಿತೆಂದಲ್ಲ. ಹದಿನಾರರೊಳಗಿನ ಮಕ್ಕಳಿಗೆ ಅಮೆರಿಕ ಕೊಡುವ ಪಾಸ್‌ಪೋರ್ಟಿನ ಆಯಸ್ಸು ಐದೇ ವರ್ಷ. ಅದನ್ನು ಹೊಸದಾಗಿ ಮಾಡಿಸಲು ತಂದೆ ತಾಯಿ ಮಗುವಿನೊಡನೆ ರಾತ್ರಿ ರೈಲು ಹತ್ತಿ ಚೆನ್ನೈನ ದೂತಾವಾಸಕ್ಕೆ ಹೋಗುವುದು ಬೆಂಗಳೂರಿನ ಕುಟುಂಬಗಳಲ್ಲಿ ಬಹುಕಾಲ ರೂಢಿಯಾಗಿತ್ತು. 2021ರ ಏಪ್ರಿಲ್‌ನಲ್ಲಿ ಸಡಿಲಿಸಿದ ನಿಯಮದಂತೆ, ಇಪ್ಪತ್ತು ವರ್ಷದವರೆಗೆ ಪ್ರತಿ ಹೊಸ ಪಾಸ್‌ಪೋರ್ಟಿನ ಪ್ರತಿಯನ್ನೂ ಹೊಸ ಫೋಟೋವನ್ನೂ ಮೂರು ತಿಂಗಳೊಳಗೆ ಓಸಿಐ ಜಾಲತಾಣಕ್ಕೆ ಸೇರಿಸಿದರೆ ಸಾಕು. ಇಪ್ಪತ್ತು ತುಂಬಿದ ಮೇಲೆ ಒಮ್ಮೆ ಕಾರ್ಡನ್ನೇ ಬದಲಿಸಬೇಕು.

ಸೀಟು ತೀರ್ಮಾನಿಸುವ ತಾರೀಖು

ತಂದೆ ತಾಯಿಗಳು ಗಮನವಿಟ್ಟು ಓದಬೇಕಾದ ಭಾಗ ಇದು. ಇಲ್ಲೇ ಒಂದನೆಯ ತರಗತಿಯಿಂದ ಪಿಯುಸಿವರೆಗೆ ಓದಿದ ಓಸಿಐ ಮಕ್ಕಳಿಗೆ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಯಾವ ಪಟ್ಟಿಯಲ್ಲಿ? ಭಾರತೀಯರ ಪಟ್ಟಿಯಲ್ಲೋ, ಅನಿವಾಸಿಗಳ ಪಟ್ಟಿಯಲ್ಲೋ? ಶುಲ್ಕದಲ್ಲಿ ಇವೆರಡರ ಅಂತರ ಬಹಳ ದೊಡ್ಡದು. ಸಾಧಾರಣ ಸಂಬಳದ ಕುಟುಂಬಕ್ಕೆ ಎರಡನೆಯದು ಕೈಗೆಟುಕುವ ಮಾತಲ್ಲ.

2020ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ರಾಜ್ಯದ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಇಂಥ ವಿದ್ಯಾರ್ಥಿಗಳ ಪರವಾಗಿ ತೀರ್ಪು ಕೊಟ್ಟಿತು. ಕೆಲವೇ ತಿಂಗಳಲ್ಲಿ, 2021ರ ಮಾರ್ಚ್ 4ರಂದು, ಕೇಂದ್ರ ಗೃಹ ಸಚಿವಾಲಯ ಹೊಸ ಅಧಿಸೂಚನೆ ಹೊರಡಿಸಿತು. ನೀಟ್, ಜೆಇಇ ಮುಂತಾದ ಪ್ರವೇಶ ಪರೀಕ್ಷೆಗಳಲ್ಲಿ ಓಸಿಐ ವಿದ್ಯಾರ್ಥಿಗಳು ಅನಿವಾಸಿ ಭಾರತೀಯರಿಗೆ ಸಮಾನ. ಭಾರತೀಯರಿಗೆಂದೇ ಮೀಸಲಾದ ಸೀಟು ಅವರಿಗಿಲ್ಲ ಎಂಬುದು ಅದರ ಸಾರ. ಆಗ ಪರೀಕ್ಷೆಗೆ ತಯಾರಾಗುತ್ತಿದ್ದ ಮಕ್ಕಳಿಗೆ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು.

ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿಗಳಾದ ಎ.ಎಸ್. ಬೋಪಣ್ಣ ಮತ್ತು ಜೆ.ಬಿ. ಪಾರ್ದಿವಾಲಾ ಅವರ ಪೀಠ 2023ರ ಫೆಬ್ರುವರಿ 3ರಂದು ತೀರ್ಪು ನೀಡಿತು. ಇಂಥ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕಿದೆ. ಆದರೆ ಅದು ಅನ್ವಯಿಸುವುದು 2021ರ ಮಾರ್ಚ್ 4ರ ನಂತರ ಓಸಿಐ ಕಾರ್ಡ್ ಪಡೆದವರಿಗೆ ಮಾತ್ರ ಎಂದು ಅದು ಹೇಳಿತು. ಅದಕ್ಕೂ ಮೊದಲು ಕಾರ್ಡ್ ಪಡೆದವರ ಹಳೆಯ ಹಕ್ಕು ಉಳಿಯಿತು.

ಇದರ ಪರಿಣಾಮ ನೋಡಿ. ಬಸವೇಶ್ವರನಗರದ ಒಂದೇ ತರಗತಿಯಲ್ಲಿ ಇಬ್ಬರು ಹುಡುಗಿಯರು ಇದ್ದಾರೆಂದು ಭಾವಿಸೋಣ. ಇಬ್ಬರೂ ಅಮೆರಿಕದಲ್ಲಿ ಹುಟ್ಟಿದವರು, ಇಬ್ಬರಿಗೂ ಒಂದೇ ಅಂಕ. ಒಬ್ಬಳ ಕಾರ್ಡ್ 2020ರದ್ದು, ಇನ್ನೊಬ್ಬಳದು 2022ರದ್ದು. ಮೊದಲನೆಯವಳು ಸಾಮಾನ್ಯ ವರ್ಗದ ಸೀಟಿಗೆ ಸ್ಪರ್ಧಿಸಬಹುದು. ಎರಡನೆಯವಳು ಹಾಗೆ ಸ್ಪರ್ಧಿಸುವಂತಿಲ್ಲ. ಎಷ್ಟು ಜಾಣೆಯಾದರೂ ಪರೀಕ್ಷೆಯ ಉತ್ತರ ಪತ್ರಿಕೆ ಈ ಅಂತರ ತುಂಬಲಾರದು.

ಎರಡನೆಯವಳಿಗೆ ದಾರಿಯೇ ಇಲ್ಲವೆಂದಲ್ಲ. ಹದಿನೆಂಟು ತುಂಬಿ, ಓಸಿಐ ಆಗಿ ಐದು ವರ್ಷ ನೋಂದಾಯಿತರಾಗಿದ್ದು, ಅರ್ಜಿಗೆ ಹಿಂದಿನ ಒಂದು ವರ್ಷ ಇಲ್ಲಿ ವಾಸವಿದ್ದವರು ಭಾರತದ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆಗ ಹುಟ್ಟಿದ ದೇಶದ ಪೌರತ್ವ ಬಿಡಬೇಕು. ಅದು ಅವಸರದಲ್ಲಿ ಮಾಡುವ ತೀರ್ಮಾನವಲ್ಲ. ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ ಯೋಚಿಸತೊಡಗಿದರೆ ಆ ವರ್ಷದ ಸೀಟಿಗೆ ಅದು ಒದಗುವುದೂ ಇಲ್ಲ.

ಮುಂದಾಲೋಚನೆ ಬೇಕು

ಈ ಗೋಳು ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಎಂಜಿನಿಯರಿಂಗ್ ಮುಗಿಸಿ ಜರ್ಮನಿಗೆ ಹೋಗುವ ಹುಡುಗರು ಮನೆ ಹಿಡಿದ ಎರಡು ವಾರದೊಳಗೆ ಅಲ್ಲಿನ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು; ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ಕೆಂಗೇರಿಯಲ್ಲಿ ಹೊರದೇಶದ ಹುಡುಗ ಪಡುವ ಪಾಡನ್ನೇ ನಮ್ಮ ಹುಡುಗರು ಅಲ್ಲಿ ಪಡುತ್ತಾರೆ. ಇದನ್ನು ನೆನಪಿಟ್ಟರೆ ಮಹಡಿಯ ಬಾಡಿಗೆದಾರನ ಫಾರಂ ತುಂಬಲು ಹತ್ತು ನಿಮಿಷ ಕೊಡುವುದು ಹೊರೆಯೆನಿಸದು.

ವಿದೇಶಿ ಪಾಸ್‌ಪೋರ್ಟಿನ ಮಕ್ಕಳಿರುವ ಮನೆಗಳಲ್ಲಿ ಎಂಟನೆಯ ತರಗತಿಯ ಹೊತ್ತಿಗೇ ಒಂದು ಭಾನುವಾರ ಕುಳಿತು ಕಾಗದಗಳನ್ನು ಹರಡಿ ನೋಡುವುದು ಒಳ್ಳೆಯದು. ಜನನ ಪತ್ರ, ಪಾಸ್‌ಪೋರ್ಟ್, ಶಾಲೆಯ ದಾಖಲೆ, ತಂದೆ ತಾಯಿಯ ವಿವಾಹ ಪತ್ರ, ಇವೆಲ್ಲದರಲ್ಲಿ ಹೆಸರು ಮತ್ತು ತಾರೀಖು ಒಂದೇ ಇವೆಯೇ? ಓಸಿಐ ಕಾರ್ಡ್ ಮೊದಲು ಕೊಟ್ಟ ದಿನ ಯಾವುದು? ಹೊಸ ಕಾರ್ಡ್ ಬಂದಿದೆಯೆಂದು ಹಳೆಯದನ್ನು ಅಥವಾ ಅದರ ಪ್ರತಿಯನ್ನು ಎಸೆಯಬಾರದು. ಮೊದಲ ತಾರೀಖಿಗೆ ಅದೇ ಸಾಕ್ಷಿ. ಸೀಟಿನ ಅರ್ಹತೆಯ ನಿಯಮಗಳನ್ನು ಆಯಾ ವರ್ಷದ ಕೈಪಿಡಿಯಲ್ಲೇ ಓದಬೇಕು, ಪಕ್ಕದ ಮನೆಯವರ ಅನುಭವ ನಂಬಿ ಕೂರಬಾರದು.

ಈ ಮಾತುಗಳನ್ನು ಮಕ್ಕಳಿಗೂ ತಿಳಿಸಬೇಕು. ತಾನು ಕಾನೂನಿನಲ್ಲಿ ವಿದೇಶಿಯೆಂಬುದು ಹದಿನೆಂಟನೆಯ ವಯಸ್ಸಿನಲ್ಲಿ, ಸೀಟು ಹಂಚುವ ದಿನ, ಮಗುವಿಗೆ ಮೊದಲ ಬಾರಿ ತಿಳಿಯುವಂತಾಗಬಾರದು.