ಬೋರಲು ಬಿದ್ದ ಮಾತು

ಇಂಗ್ಲಿಷಿನಲ್ಲಿ ‘ಗ್ರೊವೆಲ್’ ಎಂಬುದೊಂದು ಮಾತಿದೆ. ಮೇಲಿನವರ ಮುಂದೆ ಹಲ್ಲುಗಿಂಜುವುದು, ದಮ್ಮಯ್ಯಗುಡ್ಡೆ ಹಾಕುವುದು, ಮಾನ ಬಿಟ್ಟು ನೆಲಕ್ಕೆ ಬೀಳುವುದು ಎಂದೆಲ್ಲ ಅದರ ಇಂದಿನ ಅರ್ಥ. ಆದರೆ ಹುಟ್ಟಿದಾಗ ಈ ಮಾತಿಗೆ ಇಷ್ಟು ಹೀನಾಯವಿರಲಿಲ್ಲ.

ಇದರ ಬೇರಿರುವುದು ಹಳೆಯ ನಾರ್ಸ್ ನುಡಿಯಲ್ಲಿ. ನಾರ್ವೆ, ಡೆನ್ಮಾರ್ಕುಗಳ ಜನರು 9ನೆಯ ಶತಮಾನದಲ್ಲಿ ಕಡಲು ದಾಟಿ ಬಂದು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲಸಿದರು. ಅವರೊಡನೆ ಅವರ ಮಾತುಗಳೂ ನೆಲಸಿದುವು. ಅವರ ನುಡಿಯಲ್ಲಿ ‘ಆ ಗ್ರೂಫು’ ಎಂದರೆ ಮುಖ ಕೆಳಗಾಗಿ, ಬೋರಲಾಗಿ ಎಂದಷ್ಟೇ. ಈ ಮೂಲದ ಮಾತಿಗೆ ಇಂಗ್ಲಿಷಿನ ‘ಲಿಂಗ್’ ಪ್ರತ್ಯಯ ಸೇರಿ ‘ಗ್ರೊವೆಲಿಂಗ್’ ಆಯಿತು. ನಮ್ಮ ‘ಬೋರಲಾಗಿ’ಯಂತೆ ಅದೂ ಕ್ರಿಯಾವಿಶೇಷಣವೇ. ಮಗು ಬೋರಲು ಮಲಗಿದರೆ ಅದರಲ್ಲಿ ನಾಚಿಕೆಯೇನು?

ಬರಬರುತ್ತ ಜನರು ಆ ಪ್ರತ್ಯಯವನ್ನೇ ಮರೆತರು. ‘ವಾಕಿಂಗ್’ ಒಳಗೆ ‘ವಾಕ್’ ಇರುವಂತೆ ಇದರೊಳಗೂ ಒಂದು ಕ್ರಿಯಾಪದ ಇರಲೇಬೇಕೆಂದು ಬಗೆದರು. ಹೀಗೆ ‘ಗ್ರೊವೆಲ್’ ಹುಟ್ಟಿತು. 1590ರ ದಶಕದ ಹೊತ್ತಿಗೆ ಷೇಕ್ಸ್‌ಪಿಯರನ ನಾಟಕದಲ್ಲಿ ಅದು ಕಾಣಿಸುತ್ತದೆ. ಮೈಯ ಮಾತಾಗಿದ್ದುದು ಕ್ರಮೇಣ ಮನಸ್ಸಿನ ಮಾತಾಯಿತು.

ಅದರ ಮೊನೆ ಎಷ್ಟು ಚೂಪೆಂಬುದು 1976ರಲ್ಲಿ ಕ್ರಿಕೆಟ್ ಲೋಕಕ್ಕೆ ತಿಳಿಯಿತು. ವೆಸ್ಟ್ ಇಂಡೀಸ್ ತಂಡ ಇಂಗ್ಲೆಂಡಿಗೆ ಬಂದಾಗ ಆತಿಥೇಯ ನಾಯಕ ಟೋನಿ ಗ್ರೆಗ್ ಅವರು, ಬಂದವರನ್ನು ‘ಗ್ರೊವೆಲ್’ ಮಾಡಿಸುವುದಾಗಿ ಟೆಲಿವಿಷನ್ನಿನಲ್ಲಿ ಆಡಿಬಿಟ್ಟರು. ಗ್ರೆಗ್ ಬೆಳೆದದ್ದು ವರ್ಣಭೇದದ ದಕ್ಷಿಣ ಆಫ್ರಿಕದಲ್ಲಿ. ಕೇಳಿದವರಲ್ಲಿ ಹಲವರು ಗುಲಾಮರಾಗಿ ದುಡಿದವರ ಸಂತತಿಯವರು. ಮಾತು ಎದೆಗೆ ನಾಟಿತು. ಐದು ಟೆಸ್ಟುಗಳ ಸರಣಿಯನ್ನು ವೆಸ್ಟ್ ಇಂಡೀಸ್ 3-0ರಿಂದ ಗೆದ್ದಿತು. ವಿವಿಯನ್ ರಿಚರ್ಡ್ಸ್ 829 ರನ್ ಹೊಡೆದರು. ಓವಲ್ ಮೈದಾನದ ಕೊನೆಯ ಪಂದ್ಯದಲ್ಲಿ ಮೈಕೆಲ್ ಹೋಲ್ಡಿಂಗ್ 14 ವಿಕೆಟ್ ಕಿತ್ತರು. ಅದೇ ಮೈದಾನದಲ್ಲಿ ಗ್ರೆಗ್ ತಾವಾಗಿಯೇ ವೆಸ್ಟ್ ಇಂಡೀಸ್ ಪ್ರೇಕ್ಷಕರೆದುರು ಅಂಬೆಗಾಲಿಟ್ಟು ನಡೆದು, ಆಡಿದ ಮಾತಿನ ಸಾಲ ತೀರಿಸಿದರು.

ಶಾಲೆಯ ಪಾಠದಲ್ಲಿ ಈ ಪದ ಬಂದು ಮಕ್ಕಳು ಅರ್ಥ ಕೇಳಿದರೆ ‘ಅಡ್ಡಬೀಳುವುದು’ ಎಂದು ಹೇಳಿ ಮುಗಿಸಬೇಡಿ. ಹಬ್ಬದ ದಿನ ಅಜ್ಜಿಗೆ ಅಡ್ಡಬೀಳುವಾಗ ಹಣೆ ನೆಲಕ್ಕೆ ತಗಲುತ್ತದೆ, ಮಾನ ಹೋಗುವುದಿಲ್ಲ. ‘ಹಲ್ಲುಗಿಂಜುವುದು’ ಎನ್ನಿ, ನೆಟ್ಟಗೆ ನಿಂತೂ ಅದನ್ನು ಮಾಡಬಹುದೆಂದು ತಿಳಿಸಿ. ಜೊತೆಗೆ ಗ್ರೆಗ್ ಅವರ ಕಥೆಯನ್ನೂ ಹೇಳಿ. ಇನ್ನೊಬ್ಬರನ್ನು ಬಗ್ಗಿಸುವೆನೆಂಬ ಮಾತು ಆಡಿದವರನ್ನು ಎಲ್ಲಿಗೆ ತಂದು ನಿಲ್ಲಿಸಿತೆಂಬುದು ಮಕ್ಕಳಿಗೆ ಪದದರ್ಥಕ್ಕಿಂತ ಹೆಚ್ಚು ಕಾಲ ನೆನಪಿರುತ್ತದೆ.